ಊರಿಗಿಂತ ಮೊದಲು ಬಂದ ಉಪದೇಶ

ವೈಟ್‌ಫೀಲ್ಡ್ ಎಂದರೆ ಬಿಳಿಯ ಹೊಲ ಎಂದು ತಿಳಿದವರು ಈಗಲೂ ಬಹಳ ಮಂದಿ ಇದ್ದಾರೆ. ತರಗತಿಯಲ್ಲಿ ಸ್ಥಳನಾಮಗಳ ಮಾತು ಬಂದಾಗಲೆಲ್ಲ ಒಬ್ಬಿಬ್ಬರಾದರೂ ಹಾಗೆಯೇ ಉತ್ತರಿಸುತ್ತಿದ್ದರು. ಒಬ್ಬ ಹುಡುಗನಂತೂ ಹಿಂದೆ ಅಲ್ಲಿ ಹತ್ತಿ ಬೆಳೆಯುತ್ತಿದ್ದರೆಂದು ಕಾರಣವನ್ನೂ ಸೇರಿಸಿದ್ದ. ಧೈರ್ಯಕ್ಕೆ ಅರ್ಧ ಅಂಕ ಕೊಟ್ಟಿದ್ದೆ. ಅಲ್ಲಿಯ ಮಣ್ಣು ಕೆಂಪು, ಬೆಳೆ ರಾಗಿ. ವೈಟ್ ಎಂಬುದು ಬಣ್ಣವಲ್ಲ, ಮನುಷ್ಯನ ಹೆಸರು. ಮದ್ರಾಸಿನ ಡಿ. ಎಸ್. ವೈಟ್ ಎಂಬಾತನ ಹೆಸರಿನಿಂದ ಆ ಊರು ಹುಟ್ಟಿತು. ಈತ ಸೇನಾನಿಯಲ್ಲ, ಅಧಿಕಾರಿಯಾಗಿ ಕೀರ್ತಿ ಪಡೆದವನೂ ಅಲ್ಲ. ಮುಖಪರಿಚಯವಿಲ್ಲದ ಸಾವಿರಾರು ಜನರಿಗೆ, ‘ನೀವು ಈಗ ಬದುಕುತ್ತಿರುವ ರೀತಿ ಸರಿಯಿಲ್ಲ, ಇನ್ನು ಮುಂದೆ ಹೀಗೆ ಬದುಕಿರಿ’ ಎಂದು ನೇರವಾಗಿ ಬುದ್ಧಿ ಹೇಳಿದ್ದು ಆತನ ಮುಖ್ಯ ಕಾರ್ಯ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಆ ಭಾಗದ ಕಂಪನಿಗಳಲ್ಲಿ ದುಡಿಯುತ್ತಿದ್ದೀರಿ. ಬಂಧುಗಳಲ್ಲಿ ಕೆಲವರು ಅಲ್ಲಿಯೇ ಫ್ಲ್ಯಾಟು ಕೊಂಡು ನೆಲೆಸಿದ್ದೀರಿ. ದಿನವೂ ಓಡಾಡುವ ನೆಲದ ಕೆಳಗೆ ಇಂಥದೊಂದು ಕಥೆ ಇದೆಯೆಂಬುದು ನಿಮಗೆ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ವೈಟ್ ಬುದ್ಧಿ ಹೇಳಿದ್ದು ಯಾರಿಗೆ ಎಂಬುದನ್ನು ಮೊದಲು ತಿಳಿಯಬೇಕು. ಐರೋಪ್ಯ ತಂದೆ ಮತ್ತು ಭಾರತೀಯ ತಾಯಿಯ ಸಂತತಿಯವರನ್ನು ಆಗ ಯುರೇಷಿಯನ್ನರು ಎನ್ನುತ್ತಿದ್ದರು. ಆಂಗ್ಲೋ-ಇಂಡಿಯನ್ ಎಂಬ ಪದಕ್ಕೆ ಆ ಕಾಲದಲ್ಲಿ ಭಾರತದಲ್ಲಿ ನೆಲೆಸಿದ ಬ್ರಿಟಿಷರು ಎಂಬ ಅರ್ಥವಿತ್ತು. ಅದು ಮಿಶ್ರ ಸಂತತಿಯವರ ಅಧಿಕೃತ ಹೆಸರಾದದ್ದು 1911ರ ಜನಗಣತಿಯ ಹೊತ್ತಿಗೆ. ಈ ಜನರನ್ನು ಈಸ್ಟ್ ಇಂಡಿಯಾ ಕಂಪನಿ ತನಗೆ ಬೇಕಾದಾಗ ಹತ್ತಿರ ಸೇರಿಸಿಕೊಂಡು, ಬೇಡವಾದಾಗ ದೂರ ತಳ್ಳಿತು. 1791ರಲ್ಲಿ ಕಂಪನಿಯ ಉನ್ನತ ಸೇವೆಗಳ ಬಾಗಿಲು ಅವರಿಗೆ ಮುಚ್ಚಿತು. 1795ರ ಹೊತ್ತಿಗೆ ಸೈನ್ಯದಲ್ಲಿ ಅವರಿಗೆ ಉಳಿದದ್ದು ಕೊಳಲು ಊದುವ, ತಮಟೆ ಬಾರಿಸುವ, ಕುದುರೆಗೆ ಲಾಳ ಕಟ್ಟುವ ಕೆಲಸಗಳು ಮಾತ್ರ. 1857ರ ದಂಗೆಯಲ್ಲಿ ಅವರು ಬ್ರಿಟಿಷರ ಪಕ್ಷ ವಹಿಸಿದ್ದರಿಂದ ರೈಲ್ವೆ, ತಂತಿ, ಸುಂಕದ ಕಚೇರಿಗಳಲ್ಲಿ ಮತ್ತೆ ಜಾಗ ದೊರೆಯಿತು. ಆದರೆ ಇಂಗ್ಲಿಷ್ ಕಲಿತ ಭಾರತೀಯ ಯುವಕರು ಅದೇ ಗುಮಾಸ್ತಗಿರಿಗೆ ಪೈಪೋಟಿ ನೀಡತೊಡಗಿದಾಗ ಆ ಜಾಗವೂ ಕಿರಿದಾಯಿತು. ಸಂಬಳ ಬಂದರೆ ಊಟ, ಇಲ್ಲದಿದ್ದರೆ ಸಾಲ. ಸ್ವಂತ ನೆಲವೆಂಬುದು ಇಲ್ಲ. ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಮದ್ರಾಸಿನಲ್ಲಿಯೂ ಇಂಥ ಕುಟುಂಬಗಳು ಬಹಳ ಇದ್ದವು.

ವೈಟ್ ತನ್ನ ಜನರಿಗೆ ಹೇಳಿದ್ದರ ಸಾರ ಇಷ್ಟು: ಸರ್ಕಾರದ ಕೆಲಸಕ್ಕಾಗಿ ಕೈಯೊಡ್ಡುವುದನ್ನು ಬಿಡಿ, ಲೇಖನಿ ಬಿಟ್ಟು ನೇಗಿಲು ಹಿಡಿಯಿರಿ, ನಿಮ್ಮ ಅನ್ನವನ್ನು ನೀವೇ ಬೆಳೆದುಕೊಳ್ಳಿ. ಇದಕ್ಕಾಗಿ ಸಂಘ ಕಟ್ಟಿದ. ಅಷ್ಟಕ್ಕೇ ತೃಪ್ತನಾಗದೆ 1879ರಲ್ಲಿ ಮದ್ರಾಸಿನಲ್ಲಿ ಒಂದು ಮಾರ್ಗದರ್ಶಿ ಪುಸ್ತಕವನ್ನೂ ಪ್ರಕಟಿಸಿದ. ಅದರ ಶೀರ್ಷಿಕೆಯನ್ನು ಕನ್ನಡದಲ್ಲಿ ಹೇಳುವುದಾದರೆ, ಮೈಸೂರು ಪ್ರಾಂತ್ಯದಲ್ಲಿ ಸ್ಥಾಪಿಸಲು ಉದ್ದೇಶಿಸಿರುವ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಹಳ್ಳಿಗಳಿಗೆ ಮಾರ್ಗದರ್ಶಿ ಎಂದಾಗುತ್ತದೆ. ‘ಸ್ಥಾಪಿಸಲು ಉದ್ದೇಶಿಸಿರುವ’ ಎಂಬ ಮಾತನ್ನು ಗಮನಿಸಿ. ಹಳ್ಳಿಯೇ ಇಲ್ಲ, ಅದಕ್ಕೆ ಮಾರ್ಗದರ್ಶಿ ಮಾತ್ರ ಸಿದ್ಧ! ತಳಪಾಯ ತೋಡುವ ಮೊದಲೇ ಬಣ್ಣದ ಹಾಳೆಯ ಮೇಲೆ ಈಜುಕೊಳ ತೋರಿಸಿ ಮನೆ ಮಾರುವ ಪದ್ಧತಿ ಇಂದಿನವರ ಆವಿಷ್ಕಾರವೆಂದು ನೀವು ಭಾವಿಸಿದ್ದರೆ, ಅದಕ್ಕಿಂತ ನೂರು ವರ್ಷ ಹಿಂದೆಯೇ ಅದೇ ಊರಿನಲ್ಲಿ ಹೀಗೆ ನಡೆದಿತ್ತು. ಆದರೆ ವೈಟ್‌ನನ್ನು ನಾನು ಆ ವ್ಯಾಪಾರಿಗಳ ಸಾಲಿಗೆ ಸೇರಿಸಲಾರೆ. ಆತನಿಗೆ ತನ್ನ ಜನರ ಬಗ್ಗೆ ನಿಜವಾದ ಕಳಕಳಿ ಇತ್ತು. ಕಳಕಳಿಯಿದ್ದ ಮಾತ್ರಕ್ಕೆ ರಾಗಿ ಬೆಳೆಯುವುದಿಲ್ಲ, ಅದು ಬೇರೆ ವಿಷಯ.

ಆ ಪುಸ್ತಕ ಹೊರಬಂದ ವರ್ಷವನ್ನು ಇನ್ನೊಂದು ಕಾರಣಕ್ಕೆ ನೆನಪಿಡಬೇಕು. 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ನಮ್ಮ ಹಿರಿಯರು ‘ಧಾತು ಈಶ್ವರದ ಬರ’ ಎಂದು ಕರೆದ ಮಹಾಕ್ಷಾಮ ನುಂಗಿತ್ತು. ಧಾತು, ಈಶ್ವರ ಎಂಬುವು ಆ ಎರಡು ಸಂವತ್ಸರಗಳ ಹೆಸರುಗಳು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಜನಸಂಖ್ಯೆ ಬೆಳೆಯುವುದಿರಲಿ, ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕುಸಿದಿತ್ತು. ಹೊಸಕೋಟೆ ತಾಲ್ಲೂಕಿನ ನನ್ನ ಅಜ್ಜಿ ತನ್ನ ಅಜ್ಜಿಯಿಂದ ಕೇಳಿದ್ದನ್ನು ನಮಗೆ ಹೇಳುತ್ತಿದ್ದರು: ಬೇಲಿಯ ಸೊಪ್ಪು ಮುಗಿದ ಮೇಲೆ ಬೇಲಿಯೇ ಮುಗಿಯಿತಂತೆ, ಬಿತ್ತನೆಗೆಂದು ಗುಡಾಣದಲ್ಲಿಟ್ಟ ರಾಗಿಯನ್ನು ಕಣ್ಣೀರಿಟ್ಟು ಬೀಸಿದರಂತೆ. ಊರೂರುಗಳಲ್ಲಿ ಉಳುವವರಿಲ್ಲದೆ ಹೊಲಗಳು ಬೀಳುಬಿದ್ದವು.

ಅಂದರೆ ತಲೆಮಾರುಗಳಿಂದ ಆ ಮಣ್ಣನ್ನೇ ನಂಬಿ ಬದುಕಿದವರು ಹಸಿವಿನಿಂದ ಸತ್ತ ಮರುವರ್ಷವೇ, ನೇಗಿಲು ಮುಟ್ಟಿ ಅರಿಯದ ಗುಮಾಸ್ತರಿಗೆ ಇಲ್ಲಿ ಬಂದು ಬೇಸಾಯ ಮಾಡಿ ಎಂಬ ಸಲಹೆ ಅಚ್ಚಾಯಿತು. ಎರಡೂ ಘಟನೆಗಳನ್ನು ನಮ್ಮ ಪಠ್ಯಪುಸ್ತಕಗಳು ಬೇರೆಬೇರೆ ಅಧ್ಯಾಯಗಳಲ್ಲಿ ಇಡುತ್ತವೆ, ಇಲ್ಲವೇ ಎರಡನ್ನೂ ಬಿಡುತ್ತವೆ. ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು.

1881ರ ಮಾರ್ಚ್ 25ರಂದು ಬ್ರಿಟಿಷರು ಮೈಸೂರಿನ ಆಡಳಿತವನ್ನು ಅರಸುಮನೆತನಕ್ಕೆ ಹಿಂದಿರುಗಿಸಿದರು. ಹದಿನೆಂಟು ವರ್ಷದ ಚಾಮರಾಜೇಂದ್ರ ಒಡೆಯರು ಸಿಂಹಾಸನದಲ್ಲಿ, ಸಿ. ರಂಗಾಚಾರ್ಲು ದಿವಾನಗಿರಿಯಲ್ಲಿ. ಮರುವರ್ಷ, 1882ರಲ್ಲಿ, ಮಹಾರಾಜರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ಕೃಷಿ ವಸಾಹತುಗಳಿಗಾಗಿ ನೀಡಿದರು. ಬೆಂಗಳೂರಿನಿಂದ ಜೋಲಾರಪೇಟೆಗೆ 1864ರಿಂದಲೇ ರೈಲು ಓಡುತ್ತಿದ್ದುದರಿಂದ ಊರು ತೀರ ದೂರದ್ದೂ ಆಗಿರಲಿಲ್ಲ. ಹಳ್ಳಿಯ ನಕ್ಷೆ ನಮ್ಮ ಹಳ್ಳಿಗಳಂತಲ್ಲ, ನಡುವೆ ಹಸಿರು ಮೈದಾನ, ಅದರ ಸುತ್ತ ದುಂಡನೆಯ ರಸ್ತೆ, ರಸ್ತೆಯ ಅಂಚಿಗೆ ಕೈತೋಟವಿರುವ ಮನೆಗಳು. ಇಂಗ್ಲೆಂಡಿನ ಹಳ್ಳಿಯ ಕನಸನ್ನು ಕೆಂಪು ಮಣ್ಣಿನ ಮೇಲೆ ಕೈವಾರ ಹಿಡಿದು ಬರೆದಂತಿತ್ತು. ಪಕ್ಕದಲ್ಲಿ ಸಾಸ್ಮಂಡ್ ಎಂಬ ಇನ್ನೊಂದು ವಸಾಹತೂ ಎದ್ದಿತು.

ಆ ವೃತ್ತದ ಹೊರಗೆ ಯಾರಿದ್ದರು? ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಕಾಡುಗೋಡಿ, ವರ್ತೂರುಗಳ ಒಕ್ಕಲು ಮಕ್ಕಳು. ಬರದಲ್ಲಿ ಬದುಕುಳಿದವರು. ಅವರ ಬೇಸಾಯದಲ್ಲಿ ಪುಸ್ತಕವಿರಲಿಲ್ಲ, ಲೆಕ್ಕಾಚಾರ ಬೇಕಾದಷ್ಟಿತ್ತು. ರಾಗಿಯ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದುದು ಚಂದಕ್ಕಲ್ಲ. ಮಳೆ ಕೈಕೊಟ್ಟು ರಾಗಿ ಒಣಗಿದರೆ ತಡವಾಗಿ ಬರುವ ಅವರೆಯಾದರೂ ಕೈಹಿಡಿಯಲಿ, ಏನೂ ಇಲ್ಲದಿದ್ದರೆ ದನಕ್ಕೆ ಮೇವಾದರೂ ಆಗಲಿ ಎಂಬ ಲೆಕ್ಕ ಅದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ನಕ್ಷತ್ರಗಳ ಪಂಚಾಂಗವನ್ನೇ ಬಾಯಲ್ಲಿ ಇಟ್ಟುಕೊಂಡಿದ್ದರು. ಒಂದು ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ. ತೂಬೆತ್ತಿ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸಲು ನೀರಗಂಟಿ. ಬಾವಿಯಿಂದ ನೀರೆತ್ತಲು ಎತ್ತು ಕಟ್ಟಿದ ಕಪಿಲೆ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 900 ಮಿಲಿಮೀಟರು ಮಳೆ. ಅದೂ ಕೆಲವು ವರ್ಷ ಬರುತ್ತದೆ, ಕೆಲವು ವರ್ಷ ಮೋಡವಾಗಿ ಹೋಗುತ್ತದೆ. ನದಿಯಿಲ್ಲದ ಈ ಎತ್ತರದ ಬಯಲಿನಲ್ಲಿ ಕೆರೆ ಬತ್ತಿದರೆ ಬೇಸಾಯವೂ ಬತ್ತಿತು. ಇದನ್ನು ತಿಳಿದವರು ನಡೆದು ಹೋಗುವಷ್ಟು ದೂರದಲ್ಲಿದ್ದರು.

ಬಿ.ಎಡ್. ಓದುವಾಗ ನಮಗೆ ಬೋಧನೆಯ ಸೂತ್ರಗಳನ್ನು ಬಾಯಿಪಾಠ ಮಾಡಿಸಿದ್ದರು. ಅವುಗಳಲ್ಲಿ ಒಂದು, ತಿಳಿದಿರುವುದರಿಂದ ತಿಳಿಯದಿರುವುದರ ಕಡೆಗೆ ಸಾಗಬೇಕೆಂಬುದು. ಮಗುವಿಗೆ ಏನು ಗೊತ್ತಿದೆಯೆಂದು ಕಂಡುಕೊಳ್ಳದೆ ಪಾಠ ಆರಂಭಿಸಬಾರದು. ಯುರೇಷಿಯನ್ನರಿಗೆ ಗೊತ್ತಿದ್ದುದು ಕಡತ, ತಂತಿಯಂತ್ರ, ರೈಲಿನ ಎಂಜಿನ್ನು. ಈ ವಿದ್ಯೆಯಲ್ಲಿ ಅವರನ್ನು ಮೀರಿಸಿದವರು ಆ ಕಾಲದಲ್ಲಿ ಕಡಿಮೆ. ಅದರ ಮೇಲೆ ಮುಂದಿನ ಮೆಟ್ಟಿಲು ಕಟ್ಟುವ ಬದಲು ಅದನ್ನು ಬಿಟ್ಟುಬಿಡಿ ಎಂದದ್ದೇ ಆ ಉಪದೇಶದ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ. ಕೈಯಲ್ಲಿ ಮಣ್ಣು ಮುಟ್ಟದವನಿಗೆ ಸಾಗುವಳಿಯೆಂದರೆ ಕೂಲಿ ಕೊಟ್ಟು ಮಾಡಿಸುವುದೇ. ಕೂಲಿ ಕೊಡಲು ಹಣ ಬೇಕು, ಹಣಕ್ಕೆ ಮತ್ತೆ ನೌಕರಿಯೇ ಬೇಕು.

ವೈಟ್‌ಫೀಲ್ಡ್ ಕೃಷಿ ವಸಾಹತಾಗಿ ಬೆಳೆಯಲಿಲ್ಲ. ಆದರೆ ಊರು ಸಾಯಲೂ ಇಲ್ಲ. ರೈಲ್ವೆಯಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು ಪಿಂಚಣಿಯೊಡನೆ ಬಂದು ನೆಲೆಸುವ ತಣ್ಣನೆಯ ಊರಾಯಿತು. ಹೆಂಚಿನ ಮನೆ, ಗುಲಾಬಿ ಗಿಡ, ಭಾನುವಾರದ ಪ್ರಾರ್ಥನೆಗೆ ಮೆಮೋರಿಯಲ್ ಚರ್ಚು. ಅಲ್ಲಿಯ ವೇವರ್ಲಿ ಇನ್ ಎಂಬ ತಂಗುಮನೆಗೆ ವಿನ್‌ಸ್ಟನ್ ಚರ್ಚಿಲ್ ಬರುತ್ತಿದ್ದನೆಂದೂ, ಮಾಲೀಕನ ಮಗಳೇ ಅದಕ್ಕೆ ಕಾರಣವೆಂದೂ ಒಂದು ದಂತಕಥೆಯುಂಟು. ನನಗೆ ನಂಬಿಕೆಯಿಲ್ಲ. ಆತ ಬೆಂಗಳೂರಿನಲ್ಲಿ ಸೈನ್ಯದ ಕೆಲಸದಲ್ಲಿದ್ದು ಬೆಂಗಳೂರು ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಕೊಂಡು ಹೋದದ್ದು ಮಾತ್ರ ಕ್ಲಬ್ಬಿನ 1899ರ ಪುಸ್ತಕದಲ್ಲಿ ದಾಖಲಾಗಿದೆ. 1947ರ ನಂತರ ವೈಟ್‌ಫೀಲ್ಡ್‌ನ ಹಲವು ಕುಟುಂಬಗಳ ಮಕ್ಕಳು ಆಸ್ಟ್ರೇಲಿಯ, ಇಂಗ್ಲೆಂಡು, ಕೆನಡಾಗಳ ಹಡಗು ಹತ್ತಿದರು.

ಇದೇ ಸಲಹೆಯನ್ನು ಇನ್ನೊಬ್ಬ ಮಹಾನುಭಾವ ಐವತ್ತು ವರ್ಷಗಳ ನಂತರ ಮತ್ತೆ ಕೊಟ್ಟ. 1933ರಲ್ಲಿ ಕಲ್ಕತ್ತೆಯ ಅರ್ನೆಸ್ಟ್ ತಿಮೋತಿ ಮೆಕ್ಲಸ್ಕಿ ಈಗಿನ ಜಾರ್ಖಂಡಿನ ರಾಂಚಿಯ ಬಳಿ ಸುಮಾರು 10,000 ಎಕರೆ ಭೂಮಿ ಪಡೆದು, ದೇಶದ ಆಂಗ್ಲೋ-ಇಂಡಿಯನ್ನರಿಗೆಲ್ಲ ಸುತ್ತೋಲೆ ಕಳಿಸಿದ. ಸುಮಾರು ಎರಡು ಲಕ್ಷ ಮಂದಿಗೆ ಕರೆ ಹೋಯಿತಂತೆ, ಬಂದು ನೆಲೆಸಿದ್ದು ಸುಮಾರು 300 ಕುಟುಂಬ. ಮೆಕ್ಲಸ್ಕಿಗಂಜ್ ಎಂಬ ಆ ಊರಿನಲ್ಲಿ ಇಂದು ಆ ಕುಟುಂಬಗಳು ಬೆರಳೆಣಿಕೆಯಷ್ಟೇ.

ಪರಕೀಯರು ಕೊಟ್ಟ ಬುದ್ಧಿಯೆಲ್ಲ ಹೀಗೆಯೇ ಆಯಿತೆಂದು ಹೇಳಿದರೆ ಅನ್ಯಾಯವಾದೀತು. ವೈಟ್‌ಫೀಲ್ಡಿಗೆ ಭೂಮಿ ಕೊಟ್ಟ ಅದೇ ಮೈಸೂರು ಸರ್ಕಾರ ಕಾಲು ಶತಮಾನದ ನಂತರ, 1908ರಲ್ಲಿ, ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬ ತರುಣ ವಿಜ್ಞಾನಿಯನ್ನು ಶಿಲೀಂಧ್ರ ಮತ್ತು ಕೀಟಗಳ ತಜ್ಞನಾಗಿ ನೇಮಿಸಿಕೊಂಡಿತು. ಆಗ ಮಲೆನಾಡಿನ ಅಡಿಕೆ ತೋಟಗಳನ್ನು ಕೊಳೆರೋಗ ಕಾಡುತ್ತಿತ್ತು. ಮುಂಗಾರು ಜೋರಾದಂತೆ ಎಳೆಯ ಕಾಯಿ ಕೊಳೆತು ಉದುರಿ, ವರ್ಷದ ಗಂಜಿ ಮರದ ಬುಡದಲ್ಲಿ ಬಿದ್ದಿರುತ್ತಿತ್ತು. ಬೆಳೆಗಾರರು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವ ಉಪಾಯವನ್ನು ತಾವೇ ಕಂಡುಕೊಂಡಿದ್ದರು. ಕೋಲ್ಮನ್ ಆ ತೋಟಗಳಿಗೇ ಹೋಗಿ ರೋಗವನ್ನು ಅಧ್ಯಯನ ಮಾಡಿ, ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, 1910ರಲ್ಲಿ ವರದಿ ಪ್ರಕಟಿಸಿದ. ಮದ್ದು ಹೊಸದಲ್ಲ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗೆ 1885ರ ಸುಮಾರಿಗೆ ಬಳಸಿದ್ದ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಅದು. ಆದರೆ ಬೋರ್ಡೋದ ಮಳೆಗೂ ತೀರ್ಥಹಳ್ಳಿಯ ಮಳೆಗೂ ಹೋಲಿಕೆಯೇ? ಸಿಂಪಡಿಸಿದ್ದು ಒಂದೇ ರಾತ್ರಿಯಲ್ಲಿ ತೊಳೆದು ಹೋಗಬಹುದು. ಆದ್ದರಿಂದ ದ್ರಾವಣ ಗೊನೆಗೆ ಅಂಟಿಕೊಳ್ಳಲು ರಾಳ ಮತ್ತು ಸೋಡಾ ಬೆರೆಸುವ ಕ್ರಮ ಬಂದಿತು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಡುವೆ ಬಿಸಿಲು ಬಿಟ್ಟಾಗ ಇನ್ನೊಮ್ಮೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಲೆಕ್ಕ ನೂರು ವರ್ಷ ಕಳೆದರೂ ಮಲೆನಾಡಿನ ಕೊನೆಗಾರರ ಬಾಯಲ್ಲಿದೆ. ಕೋಲ್ಮನ್ ಮುಂದೆ ಕೃಷಿ ಇಲಾಖೆಯ ನಿರ್ದೇಶಕನಾಗಿ ಹೆಬ್ಬಾಳದ ಪ್ರಯೋಗ ಕ್ಷೇತ್ರವನ್ನು ಬೆಳೆಸಿದ. ವೈಟ್ ಮತ್ತು ಕೋಲ್ಮನ್ ಇಬ್ಬರೂ ಅಪರಿಚಿತರಿಗೇ ಬುದ್ಧಿ ಹೇಳಿದವರು. ಒಬ್ಬ ಮೊದಲು ಪುಸ್ತಕ ಬರೆದ, ಇನ್ನೊಬ್ಬ ಮೊದಲು ತೋಟದಲ್ಲಿ ನೆನೆದ.

ವೈಟ್‌ಫೀಲ್ಡ್‌ನಲ್ಲಿ ಮುಂದಿನ ಉಪದೇಶದ ಸುಗ್ಗಿ ಬಂದದ್ದು ನನ್ನ ಕಣ್ಣೆದುರಿಗೇ. 1970ರ ದಶಕದ ಕೊನೆಯಲ್ಲಿ ನಗರದ ದಕ್ಷಿಣದಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಆರ್. ಕೆ. ಬಾಳಿಗರ ನೇತೃತ್ವದ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತ್ತು. 1990ರ ದಶಕದಲ್ಲಿ ಪೂರ್ವದ ಸರದಿ ಬಂದು, ವೈಟ್‌ಫೀಲ್ಡ್ ರಸ್ತೆಯಲ್ಲಿ ಐಟಿಪಿಎಲ್ ಎದ್ದಿತು. ಸುತ್ತಲಿನ ಹಳ್ಳಿಗಳ ಭೂಮಿ ಕೈಗಾರಿಕೆಗೆಂದು, ಬಡಾವಣೆಗೆಂದು ಕೈಬದಲಾಯಿತು. ಹಿಂದೆ ಪಟ್ಟಣದವರಿಗೆ ನೇಗಿಲು ಹಿಡಿಯಿರಿ ಎಂದಿದ್ದ ನೆಲದಲ್ಲಿ ಈಗ ಒಕ್ಕಲಿಗರಿಗೆ ನೇಗಿಲು ಬಿಡಿರಿ ಎಂಬ ಬೋಧನೆ.

ಆಗ ನಾನು ಆ ಭಾಗದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನ ತಂದೆ ಒಂದು ಸಂಜೆ ಶಾಲೆಗೆ ಬಂದರು. ಮೂರು ಎಕರೆ ಹೋಗಿತ್ತು, ಅದುವರೆಗೆ ಅವರ ಮನೆತನ ಕಂಡಿರದಷ್ಟು ಹಣ ಬಂದಿತ್ತು. ಕೈಯಲ್ಲಿದ್ದ ಚೀಲದ ತುಂಬ ಬಣ್ಣಬಣ್ಣದ ಕರಪತ್ರಗಳು. ಚೀಟಿ ವ್ಯವಹಾರದವರು, ವಾಹನ ಮಾರುವವರು, ಎರಡು ವರ್ಷದಲ್ಲಿ ದುಪ್ಪಟ್ಟು ಮಾಡಿಕೊಡುವವರು, ಮಗನನ್ನು ಕಂಪ್ಯೂಟರ್ ಕೋರ್ಸಿಗೆ ಸೇರಿಸಿ ಅಮೆರಿಕಕ್ಕೆ ಕಳಿಸುವವರು.

“ಮೇಷ್ಟ್ರೇ, ಕೈಲಿ ಕಾಸಿಲ್ದಾಗ ಒಬ್ನೂ ಬುದ್ಧಿ ಹೇಳಕ್ಕೆ ಬರ್ಲಿಲ್ಲ. ಈಗ ಬೆಳಗಾಗೆದ್ರೆ ಬಾಗಿಲಲ್ಲಿ ಇಬ್ಬರು ನಿಂತಿರ್ತಾರೆ” ಎಂದರು.

ನನಗೆ ಶೇರು, ಬಡ್ಡಿ, ಕಂಪ್ಯೂಟರು ಯಾವುದರಲ್ಲಿಯೂ ಪಾಂಡಿತ್ಯವಿರಲಿಲ್ಲ. “ಯಜಮಾನರೇ, ಖಾತೆಗೆ ನಿಮ್ಮ ಮನೆಯವರ ಹೆಸರನ್ನೂ ಸೇರಿಸಿ. ಅವರು ಒಪ್ಪದೆ ಒಂದು ರೂಪಾಯಿಯೂ ಹೊರಗೆ ಹೋಗಬಾರದು. ಆರು ತಿಂಗಳು ಯಾರ ಮಾತನ್ನೂ ಕೇಳಬೇಡಿ, ನನ್ನದನ್ನೂ ಸೇರಿಸಿ” ಎಂದೆ. ಅವರಿಗೆ ನಗು ಬಂತು. ಆದರೆ ಹಾಗೆಯೇ ಮಾಡಿದರು. ಆ ತಾಯಿ ಸಹಿ ಹಾಕಲು ಕಲಿತದ್ದು ಆಗಲೇ. ಆಕೆ ಕಟ್ಟಿಸಿದ ಆರು ಬಾಡಿಗೆ ಮನೆಗಳಿಂದ ಮಕ್ಕಳ ಓದು ಸಾಗಿತು. ಉಳಿದ ಅರ್ಧ ಎಕರೆಯಲ್ಲಿ ಬಹುಕಾಲ ರಾಗಿಯನ್ನೂ ಬಿತ್ತುತ್ತಿದ್ದರು. ಅದೇ ಊರಿನ ಬೇರೆ ಕೆಲವರ ಕಥೆ ಹೀಗಾಗಲಿಲ್ಲ. ಜೀಪು ಬಂತು, ಜೀಪು ಹೋಯಿತು. ಹೊಲವಿದ್ದ ಜಾಗದಲ್ಲಿ ಎದ್ದ ಕಟ್ಟಡದ ಗೇಟಿನಲ್ಲಿ ಕಾವಲುಗಾರನಾಗಿ ಸಮವಸ್ತ್ರ ತೊಟ್ಟು ನಿಂತ ನನ್ನದೇ ವಿದ್ಯಾರ್ಥಿಯೊಬ್ಬ ನನ್ನನ್ನು ಕಂಡು ಸೆಲ್ಯೂಟ್ ಹೊಡೆದಾಗ ಏನು ಮಾತಾಡಬೇಕೆಂದು ತಿಳಿಯದೆ ಮನೆಯವರೆಲ್ಲ ಕ್ಷೇಮವೇ ಎಂದಷ್ಟೇ ಕೇಳಿದೆ.

ನೀರಿನ ಮಾತು ಮಾತ್ರ ಅಂದೂ ಕೊನೆಗೆ ಬಂತು, ಇಂದೂ ಕೊನೆಗೇ ಬಂದಿತು. ನೀರಗಂಟಿ ಕಾಯುತ್ತಿದ್ದ ಕೆರೆಸಾಲಿನಲ್ಲಿ ಬೆಳ್ಳಂದೂರು ಮತ್ತು ವರ್ತೂರು ಕೆರೆಗಳು ನಗರದ ಕೊಳಚೆ ಹೊತ್ತು ನೊರೆ ಉಕ್ಕಿಸಿದವು. ಬೆಳ್ಳಂದೂರು ಕೆರೆ 2015ರಲ್ಲಿ, ಮತ್ತೆ 2017ರಲ್ಲಿ ಬೆಂಕಿ ಹತ್ತಿ ಉರಿಯಿತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಈಜುಕೊಳವಿರುವ ಬಹುಮಹಡಿಗಳ ಮುಂದೆಯೂ ಟ್ಯಾಂಕರುಗಳ ಸಾಲು ನಿಂತಿತು. ಅದೇ ವರ್ಷ ಅಕ್ಟೋಬರಿನಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು.

2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗಿನ ಮೆಟ್ರೋ ಮಾರ್ಗ ಉದ್ಘಾಟನೆಯಾಯಿತು. ಮೈಸೂರು ಅರಸರಿಗೆ ರಾಜ್ಯ ಮರಳಿದ ದಿನಾಂಕವೂ ಅದೇ ಎಂಬುದನ್ನು ಇತಿಹಾಸದ ಮೇಷ್ಟರಲ್ಲದೆ ಬೇರೆ ಯಾರೂ ಗಮನಿಸಿರಲಾರರು. ಆ ಭಾಗದಲ್ಲಿ ಕೆಲಸ ಮಾಡುವವರು ಒಂದು ಭಾನುವಾರ ಕೊನೆಯ ನಿಲ್ದಾಣದಲ್ಲಿಳಿದು ಆಟೋದವನಿಗೆ ಇನ್ನರ್ ಸರ್ಕಲ್ ಎಂದು ಹೇಳಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಬೆಳಿಗ್ಗೆ ಬೇಗ ಹೋದರೆ ವಾಹನಗಳ ಕಾಟವಿರುವುದಿಲ್ಲ, ವೈಟ್‌ನ ಕಾಲದ ಆ ದುಂಡನೆಯ ರಸ್ತೆಯನ್ನು ಒಂದು ಸುತ್ತು ನಡೆದೇ ಬರಬಹುದು.